ನೀರಿಗಿಂತ ಮೊದಲು ಬಂದ ಸುದ್ದಿ: ಬೆಳಕಿನ ವೇಗವೆಂಬ ಗಡಿಯ ಕಥೆ



ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಗೆ ನೀವು ಹೋಗಿರಬಹುದು. ಹಲಗೂರು ದಾಟಿ ಕಾಡಿನ ರಸ್ತೆಯಲ್ಲಿ ಸಾಗಿದರೆ ಕೊನೆಯಲ್ಲಿ ಕಾವೇರಿ. ದಡದಲ್ಲಿ ಮುತ್ತೆತ್ತಿರಾಯನ ಗುಡಿ. ಸೀತಾಮಾತೆ ನದಿಯಲ್ಲಿ ಕಳೆದುಕೊಂಡ ಮುತ್ತಿನ ಆಭರಣವನ್ನು ಆಂಜನೇಯ ಹುಡುಕಿ ಎತ್ತಿಕೊಟ್ಟನಂತೆ. ಅದರಿಂದಲೇ ಊರಿಗೆ ಈ ಹೆಸರು ಎಂದು ಅಲ್ಲಿನವರು ಹೇಳುತ್ತಾರೆ. ನೀರು ನೋಡುವುದಕ್ಕೆ ಶಾಂತ, ಒಳಗೆ ಸುಳಿ. ಅದನ್ನು ತಿಳಿಯದೆ ಇಳಿದವರಲ್ಲಿ ಮರಳಿ ಬಾರದವರೂ ಇದ್ದಾರೆ.

ಹಲವು ವರ್ಷಗಳ ಹಿಂದೆ, ಒಂದು ಮಳೆಗಾಲದಲ್ಲಿ, ನಾವು ನಾಲ್ವರು ಅಲ್ಲಿ ಚಿತ್ರೀಕರಣಕ್ಕೆ ಹೋಗಿದ್ದೆವು. ನದಿಯ ನಡುವಿನ ಬಂಡೆಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಮೋಡ ಸರಿದು ಬಿಸಿಲು ಬರಲೆಂದು ಕಾಯುತ್ತಿದ್ದೆವು. ಆಗ ಹಲಗೂರಿನ ಕಡೆಯಿಂದ ಮೋಟಾರ್ ಬೈಕಿನಲ್ಲಿ ಬಂದ ಹುಡುಗನೊಬ್ಬ ದಡದಲ್ಲಿದ್ದ ಯಜಮಾನರಿಗೆ ಏನೋ ಹೇಳಿದ. ಅವರು ಕೈ ಬೀಸಿ ಕೂಗಿದರು: “ಏನ್ ಸ್ವಾಮಿ, ಇನ್ನೂ ಅಲ್ಲೇ ಕುಂತಿದ್ದೀರಾ? ಮ್ಯಾಲೆ ಕಟ್ಟೆ ಬಾಗಿಲು ತೆಗ್ದವ್ರಂತೆ. ನೀರು ಬತ್ತದೆ, ಎದ್ದು ಬನ್ನಿ!”

ಸಾಮಾನು ಹೊತ್ತು ದಡ ಸೇರಿದೆವು. ಮಧ್ಯಾಹ್ನ ಕಳೆಯುವ ಹೊತ್ತಿಗೆ ನಾವು ನಿಂತಿದ್ದ ಬಂಡೆ ಕಾಣದಾಗಿತ್ತು. ಕೆಂಪು ನೀರು ಅದರ ಮೇಲೆ ಉರುಳಿಕೊಂಡು ಹೋಗುತ್ತಿತ್ತು. ಯಜಮಾನರು ಬೀಡಿ ಹಚ್ಚುತ್ತ ಅಂದರು: “ನೀರಿಗಿಂತ ಮುಂಚೆ ಸುದ್ದಿ ಬಂತು, ನಿಮ್ ಪುಣ್ಯ. ಸುದ್ದಿಗಿಂತ ಮುಂಚೆ ನೀರೇ ಬಂದಿದ್ರೆ ಏನ್ ಮಾಡ್ತಿದ್ರಿ?”

ನಾನು ವಿಜ್ಞಾನ ಪದವೀಧರ. ಬಿ.ಎಸ್ಸಿ. ತರಗತಿಯಲ್ಲಿ ವಿಶಿಷ್ಟ ಸಾಪೇಕ್ಷತಾ ಸಿದ್ಧಾಂತವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಆದರೆ ಅದರ ತಿರುಳು ಅರ್ಥವಾದದ್ದು ಆ ದಡದಲ್ಲಿ, ಆ ಪ್ರಶ್ನೆಯಿಂದ. ಚರ್ಚಾ ಕಾರ್ಯಕ್ರಮದಲ್ಲಿ ಸಮಯ ಸಾಲದೆ ಬಿಟ್ಟದ್ದನ್ನು ಈ ಪುಟಗಳಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಸ್ವಲ್ಪ ಯೋಚಿಸಿ. ಅಣೆಕಟ್ಟಿನ ಬಾಗಿಲು ತೆರೆದ ಸುದ್ದಿ ದೂರವಾಣಿಯಲ್ಲಿ ಹಲಗೂರಿಗೆ ಬಂದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಅಲ್ಲಿಂದ ನಮ್ಮವರೆಗೆ ಬಂದದ್ದು ಬೈಕಿನ ವೇಗದಲ್ಲಿ. ನೀರು ಬಂದದ್ದು ಹೊಳೆಯ ವೇಗದಲ್ಲಿ. ಅಪಾಯ ನಿಧಾನವಾಗಿ, ಸುದ್ದಿ ವೇಗವಾಗಿ ಬಂದದ್ದರಿಂದ ನಾವು ಉಳಿದೆವು. ಹಾಗಾದರೆ ಸುದ್ದಿಯನ್ನು ಎಷ್ಟು ವೇಗವಾಗಿಯಾದರೂ ಕಳುಹಿಸಬಹುದೇ? ಇಲ್ಲ. ಸುದ್ದಿಗೂ ಒಂದು ಗಡಿಯಿದೆ. ಸೆಕೆಂಡಿಗೆ 2,99,792.458 ಕಿಲೋಮೀಟರು. ಬರಿದಾದ ಆಕಾಶದಲ್ಲಿ ಬೆಳಕು ಸಾಗುವ ವೇಗ ಇದೇ. 1983ರಿಂದ ಮೀಟರಿನ ಅಳತೆಯನ್ನೇ ಈ ಸಂಖ್ಯೆಯಿಂದ ನಿರ್ಧರಿಸಲಾಗಿದೆ.

ತಡವಾಗಿ ಬಂದ ಸುದ್ದಿ

ಬೆಳಕು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದು ಮೊದಲು ತಿಳಿದದ್ದೂ ತಡವಾಗಿ ಬಂದ ಒಂದು ಸುದ್ದಿಯಿಂದಲೇ. ಗುರುಗ್ರಹದ ಉಪಗ್ರಹ ಅಯೊ ಗ್ರಹದ ನೆರಳಿನೊಳಕ್ಕೆ ಸರಿದು ಮತ್ತೆ ಹೊರಬರುವುದು ಗಡಿಯಾರದಷ್ಟು ನಿಯಮಿತ. ಆದರೆ ಭೂಮಿ ಗುರುವಿನಿಂದ ದೂರ ಸರಿದಾಗ ಈ ಗ್ರಹಣಗಳು ಲೆಕ್ಕಕ್ಕಿಂತ ತಡವಾಗಿ ಕಾಣುತ್ತಿದ್ದವು. 1676ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಡೆನ್ಮಾರ್ಕಿನ ಓಲೆ ರೋಮರ್ ಇದರ ಕಾರಣ ಹೇಳಿದ: ಗ್ರಹಣ ತಡವಾಗಿಲ್ಲ, ಗ್ರಹಣದ ಸುದ್ದಿ ತಡವಾಗಿದೆ. ಸುದ್ದಿ ಹೊತ್ತು ತರುವ ಬೆಳಕಿಗೆ ಹೆಚ್ಚಿನ ದೂರ ನಡೆಯಬೇಕಾಗಿದೆ.

ಇಲ್ಲಿ ವೀಕ್ಷಕರು ಮತ್ತೆ ಮತ್ತೆ ಕೇಳುವ ಒಂದು ಮಾತನ್ನು ಎತ್ತಿಕೊಳ್ಳುತ್ತೇನೆ. ವಿಜಯನಗರದ ಬುಕ್ಕರಾಯನ ಆಸ್ಥಾನದಲ್ಲಿದ್ದ ಸಾಯಣಾಚಾರ್ಯರು 14ನೇ ಶತಮಾನದಲ್ಲೇ ತಮ್ಮ ಋಗ್ವೇದ ಭಾಷ್ಯದಲ್ಲಿ ಈ ವೇಗವನ್ನು ಹೇಳಿದ್ದರಲ್ಲವೇ? ಅವರ ಭಾಷ್ಯದಲ್ಲಿ ಅರ್ಧ ನಿಮಿಷಕ್ಕೆ 2,202 ಯೋಜನಗಳೆಂಬ ಸ್ಮೃತಿವಾಕ್ಯದ ಉಲ್ಲೇಖವಿರುವುದು ನಿಜ. ಇಲ್ಲಿನ ನಿಮಿಷ ನಮ್ಮ ಗಡಿಯಾರದ್ದಲ್ಲ, ರೆಪ್ಪೆ ಮಿಟುಕಿಸುವಷ್ಟು ಹೊತ್ತು. ಆದರೆ ಯೋಜನಕ್ಕೂ ನಿಮಿಷಕ್ಕೂ ಹಳೆಯ ಗ್ರಂಥಗಳಲ್ಲಿ ಹಲವು ಅಳತೆಗಳಿವೆ. ಒಂದು ಜೋಡಿಯನ್ನು ಆರಿಸಿಕೊಂಡರೆ ಉತ್ತರ ಇಂದಿನ ಸಂಖ್ಯೆಗೆ ಹತ್ತಿರ ಬರುತ್ತದೆ, ಇನ್ನೊಂದನ್ನು ಆರಿಸಿಕೊಂಡರೆ ದೂರ ಹೋಗುತ್ತದೆ. ಆ ಸಾಲು ಸೂರ್ಯನನ್ನು ಸ್ತುತಿಸುತ್ತದೆ. ಅಳೆದ ಬಗೆಯನ್ನು ಅದು ಹೇಳುವುದಿಲ್ಲ. ಸಾಯಣರ ಪಾಂಡಿತ್ಯಕ್ಕೆ ಇದರಿಂದ ಕುಂದೇನೂ ಇಲ್ಲ. ಅಲ್ಲದೆ ನಮ್ಮ ವಿಷಯ ಸಂಖ್ಯೆ ಎಷ್ಟು ದೊಡ್ಡದು ಎಂಬುದಲ್ಲ. ಅದು ಯಾರೂ ದಾಟಲಾರದ ಗಡಿ ಯಾಕಾಯಿತು ಎಂಬುದು. ಆ ಪ್ರಶ್ನೆ ಹುಟ್ಟಿದ್ದು 1905ರಲ್ಲಿ.

ಶಿವನಸಮುದ್ರದ ಯಂತ್ರ, ಬರ್ನ್ ನಗರದ ಗುಮಾಸ್ತ

ಮುತ್ತತ್ತಿಯಿಂದ ಹೊಳೆಯಗುಂಟ ಮೇಲಕ್ಕೆ ಹೋದರೆ ಶಿವನಸಮುದ್ರ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಅಲ್ಲಿನ ವಿದ್ಯುದಾಗಾರ 1902ರ ಜೂನ್ 30ರಂದು ಕೆಲಸ ಆರಂಭಿಸಿತು. ವಿದ್ಯುತ್ತು ಹೋದದ್ದು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ. ಆ ದಿನಗಳಲ್ಲಿ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ತಂತಿಯಲ್ಲಿ ವಿದ್ಯುತ್ತಿನ ಪ್ರಭಾವ ಬೆಳಕಿನ ವೇಗದ ಆಸುಪಾಸಿನಲ್ಲೇ ಸಾಗುತ್ತದೆ. ಶಿವನಸಮುದ್ರದಲ್ಲಿ ಗುಂಡಿ ಒತ್ತಿದರೆ ಸುಮಾರು ಸೆಕೆಂಡಿನ ಎರಡು ಸಾವಿರದ ಒಂದು ಭಾಗದಲ್ಲಿ ಅದು ಕೋಲಾರಕ್ಕೆ ತಿಳಿಯುತ್ತದೆ.

ವಿದ್ಯುಜ್ಜನಕದ ಒಳಗೆ ಏನಾಗುತ್ತದೆ? ಒಂದು ಕಾಂತ, ಒಂದು ತಾಮ್ರದ ಸುರುಳಿ. ಎರಡರಲ್ಲಿ ಯಾವುದನ್ನು ಚಲಿಸಿದರೂ ಸುರುಳಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಇಲ್ಲೊಂದು ವಿಚಿತ್ರವಿತ್ತು. ಕಾಂತ ಚಲಿಸಿದರೆ ಅದಕ್ಕೆ ಒಂದು ವಿವರಣೆ, ಸುರುಳಿ ಚಲಿಸಿದರೆ ಬೇರೆಯೇ ವಿವರಣೆ ಎಂದು ಅಂದಿನ ಭೌತವಿಜ್ಞಾನ ಹೇಳುತ್ತಿತ್ತು. ಹರಿಯುವ ವಿದ್ಯುತ್ತು ಮಾತ್ರ ಎರಡೂ ಸಲ ಅಷ್ಟೇ!

ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿದ್ದ 26 ವರ್ಷದ ನೌಕರನಿಗೆ ಇದು ಸರಿಬರಲಿಲ್ಲ. ಆಲ್ಬರ್ಟ್ ಐನ್‌ಸ್ಟೈನ್ ತಮ್ಮ ಪ್ರಸಿದ್ಧ ಪ್ರಬಂಧವನ್ನು ಆರಂಭಿಸಿದ್ದು ಈ ಕಾಂತ ಮತ್ತು ವಾಹಕದ ಉದಾಹರಣೆಯಿಂದಲೇ. ಆ ಪ್ರಬಂಧ ಜರ್ಮನಿಯ ಪತ್ರಿಕೆಗೆ ತಲುಪಿದ್ದು 1905ರ ಜೂನ್ 30ರಂದು, ಶಿವನಸಮುದ್ರದ ಯಂತ್ರಗಳು ತಿರುಗತೊಡಗಿ ಸರಿಯಾಗಿ ಮೂರು ವರ್ಷಕ್ಕೆ. ಅದೇ ವರ್ಷ ಆಗಸ್ಟ್ 5ರಂದು ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿ ದೀಪಗಳು ಬೆಳಗಿದವು. ದಿನಾಂಕಗಳು ಕಾಕತಾಳೀಯ. ಆದರೆ ಆ ದೀಪ ಬೆಳಗಿಸಿದ ಯಂತ್ರದ ಒಳಗುಟ್ಟೇ ಆ ಪ್ರಬಂಧದ ಮೊದಲ ಪ್ರಶ್ನೆಯಾಗಿತ್ತು ಎಂಬುದು ಕಾಕತಾಳೀಯವಲ್ಲ. ಆ ತಲೆಮಾರಿನ ಮುಂದೆ ತಿರುಗುತ್ತಿದ್ದ ಒಗಟು ಅದು.

ಐನ್‌ಸ್ಟೈನ್ ಎರಡು ಮಾತುಗಳನ್ನು ಆಧಾರವಾಗಿಟ್ಟುಕೊಂಡರು. ಒಂದು: ಸಮವೇಗದಲ್ಲಿ ಸಾಗುವ ಎಲ್ಲರಿಗೂ ನಿಸರ್ಗದ ನಿಯಮಗಳು ಒಂದೇ. ಎರಡು: ಬೆಳಕಿನ ವೇಗ, ಅದನ್ನು ಹೊಮ್ಮಿಸುವ ವಸ್ತು ಓಡುತ್ತಿರಲಿ ನಿಂತಿರಲಿ, ಒಂದೇ. ಭೂಮಿಯ ಚಲನೆಯಿಂದ ಬೆಳಕಿನ ವೇಗದಲ್ಲಿ ವ್ಯತ್ಯಾಸ ಕಂಡೀತೆಂದು ಅಮೆರಿಕದ ಮೈಕೆಲ್ಸನ್ ಮತ್ತು ಮಾರ್ಲಿ 1887ರಲ್ಲಿ ಹುಡುಕಿ ಬರಿಗೈಯಲ್ಲಿ ಉಳಿದಿದ್ದರು.

ಹಲಗೂರಿನ ಹುಡುಗನ ಬೈಕಿನ ದೀಪವನ್ನೇ ನೋಡಿ. ಬೈಕು ಗಂಟೆಗೆ 60 ಕಿಲೋಮೀಟರಿನಲ್ಲಿ ಬರುವಾಗ ಅವನು ಮುಂದಕ್ಕೆ ಕಲ್ಲೆಸೆದರೆ ಕಲ್ಲಿಗೆ ಬೈಕಿನ ವೇಗವೂ ಸೇರಿಕೊಳ್ಳುತ್ತದೆ. ದೀಪದ ಬೆಳಕಿಗೆ ಹಾಗೆ ಸೇರುವುದಿಲ್ಲ. ಅವನು ಅಳೆದರೂ ದಡದಲ್ಲಿರುವ ನಾವು ಅಳೆದರೂ ಒಂದೇ ಉತ್ತರ. ಇದು ನಿಜವಾಗಬೇಕಾದರೆ ಬೇರೇನಾದರೂ ಬಗ್ಗಬೇಕಲ್ಲ? ಬಗ್ಗಿದ್ದು ಕಾಲ ಮತ್ತು ದೂರ. ನಮ್ಮೆದುರು ಓಡುವ ಗಡಿಯಾರ ನಮಗೆ ನಿಧಾನವಾಗಿ ಕಾಣುತ್ತದೆ, ಓಡುವ ಕೋಲು ಓಟದ ದಿಕ್ಕಿನಲ್ಲಿ ಗಿಡ್ಡವಾಗಿ ಕಾಣುತ್ತದೆ. ವೇಗಗಳನ್ನು ಕೂಡುವ ಲೆಕ್ಕವೂ ಬದಲಾಗುತ್ತದೆ. ಬೆಳಕಿನ ಮುಕ್ಕಾಲು ವೇಗದ ನೌಕೆಯಿಂದ, ನೌಕೆಗೆ ಹೋಲಿಸಿ ಮುಕ್ಕಾಲು ವೇಗದಲ್ಲಿ ಗುಂಡೊಂದನ್ನು ಮುಂದಕ್ಕೆ ಹಾರಿಸಿದರೆ ನಮಗೆ ಕಾಣುವುದು ಒಂದೂವರೆ ಪಟ್ಟಲ್ಲ, ಬೆಳಕಿನ ವೇಗದ ಶೇಕಡ 96 ಮಾತ್ರ. ಎಷ್ಟು ಕೂಡಿದರೂ ನೂರು ಮೀರದು.

ತಂತಿಯ ಇನ್ನೊಂದು ತುದಿ

ಇದೆಲ್ಲ ಕಾಗದದ ಮೇಲಿನ ಲೆಕ್ಕ ಎನ್ನುತ್ತೀರಾ? ಹಾಗಾದರೆ ಶಿವನಸಮುದ್ರದ ತಂತಿಯ ಇನ್ನೊಂದು ತುದಿಗೆ, ಕೋಲಾರದ ಗಣಿಗೆ ಬನ್ನಿ.

ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಮುಂದೆ ಅದರ ನಿರ್ದೇಶಕರೂ ಆದರು. 1950ರ ದಶಕದ ಆರಂಭದಲ್ಲಿ ಹೋಮಿ ಭಾಭಾ ಅವರ ಸಲಹೆಯಂತೆ ಅವರು ಕಣಗಳನ್ನು ಎಣಿಸುವ ಉಪಕರಣಗಳೊಂದಿಗೆ ಕೋಲಾರದ ಗಣಿಗೆ ಇಳಿದರು. ಚಿನ್ನಕ್ಕಾಗಿ ಅಗೆದ ಸುರಂಗದಲ್ಲಿ ಅವರು ಹುಡುಕಿದ್ದು ಆಕಾಶದಿಂದ ಬೀಳುವ ಮ್ಯೂಆನ್ ಎಂಬ ಕಣಗಳನ್ನು.

ಹೊರ ಆಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ, ಸುಮಾರು 15 ಕಿಲೋಮೀಟರು ಎತ್ತರದಲ್ಲಿ ಮ್ಯೂಆನುಗಳು ಹುಟ್ಟುತ್ತವೆ. ಈ ಸಾಲು ಓದುತ್ತಿರುವಾಗಲೂ ನಿಮ್ಮ ಅಂಗೈ ಮೂಲಕ ಸೆಕೆಂಡಿಗೆ ಒಂದರಂತೆ ಅವು ಹಾದುಹೋಗುತ್ತಿವೆ. ಮ್ಯೂಆನ್ ಅಲ್ಪಾಯುಷಿ. ಸರಾಸರಿ ಆಯುಷ್ಯ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 2.2 ಭಾಗ. ಅಷ್ಟರಲ್ಲಿ ಬೆಳಕೇ ಸಾಗುವುದು ಸುಮಾರು 660 ಮೀಟರು. 15 ಕಿಲೋಮೀಟರು ಇಳಿಯಲು ಇಪ್ಪತ್ತಕ್ಕೂ ಹೆಚ್ಚು ಆಯುಷ್ಯ ಬೇಕು! ಆದರೂ ಅವು ನೆಲ ಮುಟ್ಟುತ್ತವೆ. ಹೇಗೆ? ಬೆಳಕಿನ ವೇಗದ ಹತ್ತಿರ ಓಡುವುದರಿಂದ ಅವುಗಳ ಗಡಿಯಾರ ನಮ್ಮ ಲೆಕ್ಕದಲ್ಲಿ ನಿಧಾನವಾಗಿರುತ್ತದೆ.

ಇದನ್ನು ತೋರಿಸಲೆಂದೇ 1962ರಲ್ಲಿ ಅಮೆರಿಕದ ಫ್ರಿಷ್ ಮತ್ತು ಸ್ಮಿತ್ ಒಂದು ಶೈಕ್ಷಣಿಕ ಚಲನಚಿತ್ರ ಮಾಡಿದರು. ನನ್ನಂಥ ನಿರ್ಮಾಪಕರಿಗೆ ಅದು ಇಂದಿಗೂ ಪಾಠ. ಸುಮಾರು 1,900 ಮೀಟರು ಎತ್ತರದ ಮೌಂಟ್ ವಾಷಿಂಗ್ಟನ್ ಮೇಲೆ ಅವರು ಆಯ್ದ ವೇಗದ ಮ್ಯೂಆನುಗಳನ್ನು ಎಣಿಸಿದರು. ಗಂಟೆಗೆ ಸರಾಸರಿ 563 ಸಿಕ್ಕವು. ಕಾಲ ಎಲ್ಲರಿಗೂ ಒಂದೇ ಆಗಿದ್ದರೆ ಸಮುದ್ರಮಟ್ಟಕ್ಕೆ ಸುಮಾರು 27 ಮಾತ್ರ ತಲುಪಬೇಕಿತ್ತು. ಅಲ್ಲಿ ಎಣಿಸಿದಾಗ ಸಿಕ್ಕಿದ್ದು 412.

ಈಗ ಕೋಲಾರದ ಕಲ್ಲಿಗೆ ಮರಳೋಣ. ಆ ಗಟ್ಟಿ ಬಂಡೆಯಲ್ಲಿ ಒಂದು ಕಿಲೋಮೀಟರು ಆಳಕ್ಕೆ ಇಳಿಯಬೇಕಾದರೆ ಮ್ಯೂಆನಿಗೆ ಸುಮಾರು ಒಂದು ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಅಂಥ ಮ್ಯೂಆನಿನ ವೇಗ ಎಷ್ಟು? ಲೆಕ್ಕ ಹಾಕಿದರೆ, ಬೆಳಕಿಗಿಂತ ಸೆಕೆಂಡಿಗೆ 1.7 ಮೀಟರು ಕಡಿಮೆ. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರಿನ ಓಟದಲ್ಲಿ ಉಳಿದ ಅಂತರ ನೀವು ನಾವು ಬಿರುಸಾಗಿ ನಡೆಯುವಷ್ಟು! ಇನ್ನೂ ಹತ್ತು ಪಟ್ಟು ಶಕ್ತಿ ಕೊಡಿ: ಅಂತರ 1.7 ಸೆಂಟಿಮೀಟರಿಗೆ ಇಳಿಯುತ್ತದೆ. ಮತ್ತೂ ಹತ್ತು ಪಟ್ಟು ಕೊಡಿ: ಮಿಲಿಮೀಟರಿನ ಐದನೇ ಒಂದು ಭಾಗಕ್ಕೂ ಕಡಿಮೆ. ಸೊನ್ನೆಯಾಗುವುದು ಮಾತ್ರ ಎಂದಿಗೂ ಇಲ್ಲ. ಶಕ್ತಿ ಏರುತ್ತಲೇ ಹೋಗುತ್ತದೆ, ವೇಗ ಗಡಿಯ ಹೊಸ್ತಿಲಲ್ಲೇ ನಿಲ್ಲುತ್ತದೆ. ತೂಕವಿರುವ ಯಾವ ವಸ್ತುವಿಗೂ ಬೆಳಕಿನ ವೇಗ ಮುಟ್ಟಲು ಅಪಾರ ಶಕ್ತಿ, ಎಂದರೆ ಕೊನೆಯೇ ಇಲ್ಲದಷ್ಟು ಶಕ್ತಿ ಬೇಕು ಎಂಬ ಮಾತಿನ ಅರ್ಥ ಇದೇ.

ಕೋಲಾರಕ್ಕೆ ಇಳಿದವರು ಐನ್‌ಸ್ಟೈನರನ್ನು ಪರೀಕ್ಷಿಸಲು ಹೋಗಿರಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಅವರ ಲೆಕ್ಕದ ಒಂದೊಂದು ಸಾಲೂ ಆ ಗಡಿಯನ್ನು ನಂಬಿ ನಿಂತಿತ್ತು. ಆ ಪರಂಪರೆಯಿಂದಲೇ 1965ರಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಜ್ಞಾನಿಗಳು ಸುಮಾರು 2.3 ಕಿಲೋಮೀಟರು ಆಳದಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲೂ ಅವು ಸಿಕ್ಕವು. ಜಗತ್ತಿನಲ್ಲಿ ಅವೇ ಮೊದಲು.

ಗಡಿಯನ್ನು ಪ್ರಶ್ನಿಸಿದವರು

ಗಡಿಯಾಚೆ ಏನೂ ಇರಲಾರದೇ ಎಂದು ಕೇಳಿದವರೂ ಇದ್ದಾರೆ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಕೆಲಸ ಮಾಡಿದ ಇ.ಸಿ.ಜಿ. ಸುದರ್ಶನ್, 1962ರಲ್ಲಿ ಬಿಲಾನ್ಯುಕ್ ಮತ್ತು ದೇಶಪಾಂಡೆ ಅವರೊಡನೆ, ಹುಟ್ಟುವಾಗಲೇ ಬೆಳಕಿಗಿಂತ ವೇಗವಾಗಿರುವ ಕಣಗಳನ್ನು ಸಾಪೇಕ್ಷತೆ ನಿಷೇಧಿಸುವುದಿಲ್ಲ ಎಂದು ವಾದಿಸಿದರು. ಅವುಗಳಿಗೆ ಟ್ಯಾಕಿಯಾನ್ ಎಂಬ ಹೆಸರು ಬಂತು. ಹುಡುಕಾಟ ನಡೆಯಿತು, ಒಂದೂ ಸಿಕ್ಕಿಲ್ಲ.

2011ರ ಸೆಪ್ಟೆಂಬರಿನಲ್ಲಿ ಜಗತ್ತೇ ಬೆಚ್ಚಿತು. ಜಿನೀವಾದ ಸರ್ನ್ ಪ್ರಯೋಗಾಲಯದಿಂದ 730 ಕಿಲೋಮೀಟರು ದೂರದ ಇಟಲಿಯ ಗ್ರಾನ್ ಸಾಸೊಗೆ ಹೊರಟ ನ್ಯೂಟ್ರಿನೊಗಳು ಬೆಳಕಿಗಿಂತ ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ 60 ಭಾಗ ಮುಂಚೆ ತಲುಪಿದಂತೆ ಕಂಡಿತು. ಒಪೆರಾ ತಂಡ ಅದನ್ನು ಮುಚ್ಚಿಡದೆ ಎಲ್ಲರ ಮುಂದಿಟ್ಟು, ತಪ್ಪಿದ್ದರೆ ತೋರಿಸಿ ಎಂದಿತು. ಅನುಮಾನಕ್ಕೆ ಕಾರಣವೂ ಇತ್ತು. 1987ರಲ್ಲಿ ಸುಮಾರು 1,68,000 ಜ್ಯೋತಿರ್ವರ್ಷ ದೂರದ ನಕ್ಷತ್ರವೊಂದು ಸ್ಫೋಟಿಸಿದಾಗ ಅದರ ನ್ಯೂಟ್ರಿನೊಗಳು ಬೆಳಕಿಗಿಂತ ಸುಮಾರು ಮೂರು ಗಂಟೆ ಮುಂಚೆ ಬಂದಿದ್ದವು. ಬೆಳಕು ನಕ್ಷತ್ರದ ಒಡಲಿನಿಂದ ಹೊರಬರಲು ತಡವಾಗಿದ್ದೇ ಅದಕ್ಕೆ ಕಾರಣ. ಇಟಲಿಯ ಲೆಕ್ಕ ನಿಜವಾಗಿದ್ದರೆ ಅವು ನಾಲ್ಕು ವರ್ಷ ಮುಂಚೆಯೇ ಬರಬೇಕಿತ್ತು! 2012ರಲ್ಲಿ ತಪ್ಪು ಸಿಕ್ಕಿತು. ಮುಖ್ಯ ಕಾರಣ, ಸರಿಯಾಗಿ ಕೂರದ ಒಂದು ಆಪ್ಟಿಕಲ್ ಫೈಬರ್ ಕೇಬಲ್. ಸಡಿಲ ಕೇಬಲ್ಲಿನಿಂದ ಕಾರ್ಯಕ್ರಮ ಕೆಟ್ಟ ಅನುಭವವಿರುವ ನಾವು ಸ್ಟುಡಿಯೋದಲ್ಲಿ ನಕ್ಕೆವು. ಆದರೆ ಅದು ಅಪಹಾಸ್ಯದ ನಗೆಯಲ್ಲ.

ಸುದ್ದಿ ಬರುವಷ್ಟರಲ್ಲಿ ಅರ್ಧ ಮುಗಿದ ಕೆಲಸ

ನಮ್ಮ ಕಸುಬಿನಲ್ಲಿ ಈ ಗಡಿ ದಿನವೂ ಕಾಣುತ್ತದೆ. ಉಪಗ್ರಹದ ಮೂಲಕ ದೂರದ ಅತಿಥಿಗೆ ಪ್ರಶ್ನೆ ಕೇಳಿದರೆ ಅವರು ಒಂದು ಕ್ಷಣ ಸುಮ್ಮನೆ ನಗುತ್ತ ಕೂರುವುದನ್ನು ನೀವು ನೋಡಿದ್ದೀರಿ. ಅವರಿಗೆ ಉತ್ತರ ತಿಳಿಯದೆ ಅಲ್ಲ! ಸುಮಾರು 36,000 ಕಿಲೋಮೀಟರು ಮೇಲಿರುವ ಉಪಗ್ರಹಕ್ಕೆ ಹೋಗಿ ಇಳಿಯಲು ನಮ್ಮ ಮಾತಿಗೆ ಕಾಲು ಸೆಕೆಂಡು ಬೇಕು, ಅವರ ಉತ್ತರಕ್ಕೆ ಇನ್ನೊಂದು ಕಾಲು ಸೆಕೆಂಡು.

2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಅದೇ ಗಡಿ ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಎಲ್ಲರ ಉಸಿರು ಹಿಡಿಸಿತ್ತು. ಮಂಗಳಯಾನ ಮಂಗಳನ ಕಕ್ಷೆ ಸೇರಲು ತನ್ನ ಎಂಜಿನನ್ನು ಸುಮಾರು 23 ನಿಮಿಷ ಉರಿಸಬೇಕಿತ್ತು. ದೂರ ಸುಮಾರು 22 ಕೋಟಿ ಕಿಲೋಮೀಟರು, ಸುದ್ದಿ ಬರಲು ಹನ್ನೆರಡೂವರೆ ನಿಮಿಷ. ಎಂಜಿನ್ ಹೊತ್ತಿಕೊಂಡ ಸುದ್ದಿ ಇಲ್ಲಿಗೆ ಮುಟ್ಟುವಾಗ ಅಲ್ಲಿ ಅರ್ಧ ಕೆಲಸ ಮುಗಿದಿತ್ತು. ಏನಾದರೂ ತಪ್ಪಾಗಿ, ತಕ್ಷಣ ಆಜ್ಞೆ ಕಳುಹಿಸಿದ್ದರೂ ಅದು ತಲುಪುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತಿತ್ತು. ಬ್ಯಾಲಾಳುವಿನ 32 ಮೀಟರಿನ ಆಂಟೆನಾ ಎಷ್ಟೇ ದೊಡ್ಡದಾದರೂ ಸುದ್ದಿಯನ್ನು ಬೇಗ ತರಿಸಲಾರದು. ಆದ್ದರಿಂದಲೇ ವಿಜ್ಞಾನಿಗಳು ಆಜ್ಞೆಗಳನ್ನು ದಿನಗಳ ಮುಂಚೆಯೇ ನೌಕೆಯ ನೆನಪಿಗೆ ತುಂಬಿಟ್ಟಿದ್ದರು. ಗಡಿಯನ್ನು ಮೀರಲಾಗದು ಎಂದು ಒಪ್ಪಿಕೊಂಡು ಮುಂದಾಲೋಚನೆ ಮಾಡಿದ್ದರಿಂದಲೇ ಆ ಯಾತ್ರೆ ಗೆದ್ದಿತು.

ಯಜಮಾನರ ಪ್ರಶ್ನೆಗೆ ಉತ್ತರ

ಈಗ ಮುತ್ತತ್ತಿಗೆ ಹಿಂದಿರುಗೋಣ. ಸುದ್ದಿಗಿಂತ ಮುಂಚೆ ನೀರೇ ಬಂದಿದ್ದರೆ? ಹೊಳೆಯ ಮಟ್ಟಿಗೆ ಅಂಥ ದಿನಗಳೂ ಬಂದಿವೆ. 1924ರ ಜುಲೈ ಪ್ರವಾಹದ ನೆನಪು ಕಾವೇರಿ ದಡದ ಹಿರಿಯರಲ್ಲಿ ಬಹುಕಾಲ ಉಳಿದಿತ್ತು. ಆದರೆ ಹೊಳೆಯನ್ನು ಹಿಂದಿಕ್ಕುವ ಸುದ್ದಿಯನ್ನು ನಾವು ಕಳುಹಿಸಬಲ್ಲೆವು, ಬೆಳಕನ್ನು ಹಿಂದಿಕ್ಕುವ ಸುದ್ದಿ ಇಲ್ಲ. ಸೂರ್ಯ ಈ ಕ್ಷಣ ಆರಿಹೋದರೆ ನಮಗೆ ತಿಳಿಯುವುದು ಎಂಟು ನಿಮಿಷ ಇಪ್ಪತ್ತು ಸೆಕೆಂಡಿನ ನಂತರ. ಅದಕ್ಕೆ ಮುಂಚೆ ಓಡಿಬಂದು “ಎದ್ದೇಳಿ” ಎನ್ನುವ ಬೈಕಿನ ಹುಡುಗ ಯಾರೂ ಇಲ್ಲ.

ಇದು ಕ್ರೂರವೆನಿಸೀತು. ಆದರೆ ಗಡಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂದೂ ನೋಡಿ. ಕಾಲ ಎಲ್ಲರಿಗೂ ಒಂದೇ ಅಲ್ಲವೆಂದು ಕಂಡೆವು. ದೂರದೂರದ ಎರಡು ಘಟನೆಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಗೆ, ಬೇರೆ ಬೇರೆ ವೇಗದಲ್ಲಿ ಸಾಗುವವರು ಬೇರೆ ಬೇರೆ ಉತ್ತರ ಕೊಡಬಹುದು. ಒಂದರಿಂದ ಇನ್ನೊಂದಕ್ಕೆ ಬೆಳಕೂ ತಲುಪಲಾಗದಿದ್ದಾಗ ಮಾತ್ರ ಹೀಗೆ. ಬೆಳಕನ್ನು ಮೀರಿಸುವ ಸುದ್ದಿ ಇದ್ದಿದ್ದರೆ, ಯಾರದೋ ಗಡಿಯಾರದಲ್ಲಿ ಕರೆ ಮಾಡುವ ಮೊದಲೇ ಕರೆ ಬಂದಿರುತ್ತಿತ್ತು. ಅಂಥ ಎರಡು ಕರೆಗಳನ್ನು ಜೋಡಿಸಿದರೆ, ಕಟ್ಟೆಯ ಬಾಗಿಲು ತೆರೆಯುವ ಮೊದಲೇ “ಬಾಗಿಲು ತೆರೆದಿದ್ದಾರೆ” ಎಂಬ ಸುದ್ದಿ ಮುತ್ತತ್ತಿಗೆ ಬಂದು, ನಾವು ಫೋನು ಮಾಡಿ “ತೆರೆಯಬೇಡಿ” ಎಂದು ತಡೆಯಬಹುದಿತ್ತು. ಬಾಗಿಲು ತೆರೆಯಲೇ ಇಲ್ಲವಾದರೆ ಸುದ್ದಿ ಎಲ್ಲಿಂದ ಬಂತು? ಕಾರಣ ಮೊದಲು, ಪರಿಣಾಮ ಆಮೇಲೆ ಎಂಬ ಕಟ್ಟು ಹರಿದುಹೋಗುತ್ತಿತ್ತು. ಮಳೆ ಮೊದಲು, ಹೊಳೆ ಆಮೇಲೆ ಎಂದು ನಂಬಿ ಬದುಕುವ ರೈತನಿಗೂ ವಿಜ್ಞಾನಿಗೂ ಆ ಕಟ್ಟೇ ಆಧಾರ. ಬೆಳಕಿನ ವೇಗದ ಗಡಿ ಆ ಕಟ್ಟನ್ನು ಕಾಯುತ್ತದೆ.

ಕೋಲಾರದ ಗಣಿಗಾರಿಕೆ 2001ರ ಫೆಬ್ರುವರಿ 28ರಂದು ನಿಂತಿತು. ನೀರೆತ್ತುವ ಪಂಪುಗಳು ನಿಂತ ಮೇಲೆ ಆಳದ ಸುರಂಗಗಳಲ್ಲಿ ನೀರು ತುಂಬಿತು. ಶ್ರೀಕಂಠನ್ 2019ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಎಣಿಸುವವರು ಇಲ್ಲವೆಂದು ಮ್ಯೂಆನುಗಳೇನೂ ಬೀಳುವುದನ್ನು ನಿಲ್ಲಿಸಿಲ್ಲ. ಕೋಲಾರದ ಮೇಲೆ, ಶಿವನಸಮುದ್ರದ ಮೇಲೆ, ಮುತ್ತತ್ತಿಯ ಮರಳಿನ ಮೇಲೆ, ಬೆಳಕಿಗಿಂತ ಕೂದಲೆಳೆಯಷ್ಟು ಹಿಂದೆ ಉಳಿದು ಅವು ಸುರಿಯುತ್ತಲೇ ಇವೆ.

ಆಂಜನೇಯನನ್ನು ನಮ್ಮ ಜನ ಶಕ್ತಿಗೆ ಮಾತ್ರವಲ್ಲ, ಸೀತೆಯ ಸುದ್ದಿಯನ್ನು ರಾಮನಿಗೆ ಸಕಾಲದಲ್ಲಿ ಮುಟ್ಟಿಸಿದ ದೂತನೆಂದೂ ಪೂಜಿಸುತ್ತಾರೆ. ಮುಂದಿನ ಸಲ ಮುತ್ತತ್ತಿಗೆ ಹೋದಾಗ ಗುಡಿಯ ಮುಂದೆ ಒಂದು ಕ್ಷಣ ನಿಂತು ಅಂಗೈ ಚಾಚಿ, ಒಂದು, ಎರಡು, ಮೂರು ಎಂದು ಎಣಿಸಿ. ಅಷ್ಟರಲ್ಲಿ ಮೂರು ಮ್ಯೂಆನುಗಳು ನಿಮ್ಮ ಕೈ ದಾಟಿ ಹೋಗಿರುತ್ತವೆ. ಆಮೇಲೆ ದಡದಲ್ಲಿರುವ ಹಿರಿಯರು “ನೀರು ಬತ್ತದೆ, ಎದ್ದೇಳಿ” ಎಂದರೆ ತಡಮಾಡದೆ ಎದ್ದುಬಿಡಿ. ಸುದ್ದಿ ಮೊದಲು ಬಂದಿರುವಾಗ ಅದನ್ನು ಕೇಳಿಸಿಕೊಳ್ಳುವುದಷ್ಟೇ ನಮ್ಮ ಪಾಲಿನ ಕೆಲಸ.